ಹೊತ್ತಿಲ್ಲದ ಸಾಕ್ಷಿ

ಯಾವ ಶುಭಕಾರ್ಯವನ್ನು ಆರಂಭಿಸುವಾಗಲೂ ಪುರೋಹಿತರು ಮೊದಲು ಸಂಕಲ್ಪವನ್ನು ಹೇಳಿಸುವುದನ್ನು ವಾಚಕರೆಲ್ಲರೂ ಬಲ್ಲರು. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ ಇಷ್ಟನ್ನೂ ಉಚ್ಚರಿಸಿದ ಬಳಿಕವೇ ಮಾಡತಕ್ಕ ಕರ್ಮದ ಹೆಸರು ಬರುವುದು. ಬಾಲ್ಯದಲ್ಲಿ ನಮಗೆ ಇದು ಬರಿಯ ಬಾಯಿಪಾಠವೆಂದು ತೋರುತ್ತಿತ್ತು. ಏನು ಮಾಡಿದೆವೆಂಬುದರಷ್ಟೇ ಎಂದು ಮಾಡಿದೆವೆಂಬುದೂ ಮುಖ್ಯವೆಂಬ ಮರ್ಮವು ತಿಳಿದುದು ಈಚೆಗೆ. ಅದೂ ಒಂದು ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕುಳಿತಾಗ. ಆ ಸಂಗತಿಯನ್ನು ಈ ತಿಂಗಳು ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ನಿವೃತ್ತರಾದ ಮೇಲೆ ನಾವು ನಮ್ಮೂರಿನ ಸಣ್ಣ ಪುಸ್ತಕಭಂಡಾರದಲ್ಲಿ ಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ವಹಿಸಿಕೊಂಡಿದ್ದೇವೆ. ಅಲ್ಲಿಯ ಕಂಪ್ಯೂಟರು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವುದು. ಅದರಲ್ಲಿ ಟರ್ಮಿನಲ್ ಎಂಬ ಕರಿಯ ಕಿಟಕಿಯುಂಟು. ಈ ಕಡತವನ್ನು ನಕಲುಮಾಡು, ಇದನ್ನು ಅಲ್ಲಿಗೆ ಸಾಗಿಸು, ಇದನ್ನು ಅಳಿಸು ಎಂದು ಅಲ್ಲಿ ಅಕ್ಷರಗಳಲ್ಲಿಯೇ ಆಜ್ಞೆ ಕೊಡಬಹುದು. ನಾವೂ ನಮಗೆ ನೆರವಾಗಿ ಬರುವ ಒಬ್ಬ ಕಾಲೇಜು ಹುಡುಗನೂ ಒಂದೇ ಹೆಸರಿನಿಂದ ಆ ಯಂತ್ರವನ್ನು ಪ್ರವೇಶಿಸುತ್ತಿದ್ದೆವು.

ಒಂದು ಸೋಮವಾರ ಬೆಳಗ್ಗೆ ನೋಡುತ್ತೇವೆ, ಹಳೆಯ ಪಟ್ಟಿಗಳನ್ನು ಇಟ್ಟಿದ್ದ ಫೋಲ್ಡರು ಬರಿದಾಗಿದೆ! ಮೂರು ತಿಂಗಳ ಶ್ರಮವು ಮಾಯವಾಗಿತ್ತು. ಶನಿವಾರ ಆ ಯಂತ್ರದ ಮುಂದೆ ಕುಳಿತವನು ಹುಡುಗನೊಬ್ಬನೇ. ನಾವು ಹಿಂದುಮುಂದು ನೋಡದೆ, “ನಿನ್ನನ್ನು ನಂಬಿದ್ದೇ ತಪ್ಪಾಯಿತು” ಎಂದುಬಿಟ್ಟೆವು. “ನಾನು ಹೊಸ ಪುಸ್ತಕಗಳ ಪಟ್ಟಿಯನ್ನು ಮಾತ್ರ ಬರೆದೆ, ಮೇಷ್ಟ್ರೇ. ಅದನ್ನು ಮುಟ್ಟಲಿಲ್ಲ” ಎಂದಷ್ಟೇ ಹೇಳಿ ಅವನು ಸೈಕಲ್ಲನ್ನೇರಿ ಹೊರಟುಹೋದನು.

ಬೆಂಗಳೂರಿನಲ್ಲಿ ಕಂಪ್ಯೂಟರು ಕೆಲಸದಲ್ಲಿರುವ ನಮ್ಮ ಸೋದರಳಿಯನು ಆಗ ರಜೆಗೆ ಬಂದಿದ್ದನು. ಅವನನ್ನು ಕರೆಸಿದೆವು. ಟರ್ಮಿನಲ್ಲಿನಲ್ಲಿ ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಗುಮಾಸ್ತನಿಗೆ ಬ್ಯಾಶ್ ಎಂದು ಹೆಸರು. 1989ರಲ್ಲಿ ಬ್ರಯಾನ್ ಫಾಕ್ಸ್ ಎಂಬವರು ಅದನ್ನು ರಚಿಸಿದರು. ಈ ಗುಮಾಸ್ತನು ಕೊಟ್ಟ ಆಜ್ಞೆಗಳನ್ನೆಲ್ಲ ಸಾಲಾಗಿ ನೆನಪಿಟ್ಟು, ಕಿಟಕಿ ಮುಚ್ಚುವಾಗ ಒಂದು ಗುಪ್ತ ಕಡತದಲ್ಲಿ ಬರೆದಿಡುವನು. ‘ಹಿಸ್ಟರಿ’ ಎಂದು ಬರೆದರೆ ಆ ಸಾಲುಗಳು ತೆರೆಯ ಮೇಲೆ ಬರುವುವು. ಸೋದರಳಿಯನು ಹಾಗೆಯೇ ಮಾಡಲಾಗಿ ಅಳಿಸುವ ಆಜ್ಞೆಯು ಸಿಕ್ಕಿತು. ಆದರೆ ಅದು ನಡೆದ ಹೊತ್ತು ಮಾತ್ರ ಎಲ್ಲಿಯೂ ಇರಲಿಲ್ಲ. ಬೇರೆ ಅಪ್ಪಣೆಯಿಲ್ಲದಿದ್ದರೆ ಬ್ಯಾಶ್ ಹೊತ್ತನ್ನು ಕಡತದಲ್ಲಿ ಬರೆದಿಡುವುದಿಲ್ಲವಂತೆ.

2004ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಈಚೆಗೆ ಹೊತ್ತನ್ನು ಬರೆಯಿಸುವ ಅನುಕೂಲವಿದೆ. ‘ಹಿಸ್ಟ್ ಟೈಮ್ ಫಾರ್ಮ್ಯಾಟ್’ ಎಂಬ ಒಂದು ಸಾಲನ್ನು ಬ್ಯಾಶ್ ಆರಂಭವಾಗುವಾಗ ಓದುವ ಕಡತದಲ್ಲಿ ಸೇರಿಸಿದರೆ ಸಾಕು. ಸೋದರಳಿಯನು ಅದನ್ನು ಸೇರಿಸಿ ಹೊಸ ಕಿಟಕಿಯನ್ನು ತೆರೆದನು. ಪ್ರತಿಯೊಂದು ಆಜ್ಞೆಯ ಮುಂದೆಯೂ ತಾರೀಖು ಮೂಡಿತು: ಅದೇ ಸೋಮವಾರ, ಬೆಳಗ್ಗೆ ಹತ್ತೂಕಾಲು! “ನೋಡಿದೆಯಾ, ಈ ಬೆಳಗ್ಗೆ ಬಂದವನೇ ಅಳಿಸಿದ್ದಾನೆ” ಎಂದು ನಾವು ಎದ್ದುನಿಂತೆವು. ಅವನು ನಕ್ಕು, “ಕೂತುಕೊಳ್ಳಿ, ಮಾವ. ಎಲ್ಲ ಸಾಲಿಗೂ ಒಂದೇ ಹೊತ್ತು ಹೇಗೆ ಬಂದೀತು? ಹಳೆಯ ಸಾಲುಗಳಿಗೆ ಹೊತ್ತು ಇಲ್ಲವಾದ್ದರಿಂದ, ನಾನು ಕಿಟಕಿ ತೆರೆದ ಹೊತ್ತನ್ನೇ ಅದು ತೋರಿಸುತ್ತಿದೆ” ಎಂದನು. ಹೊತ್ತಿಲ್ಲದ ಸಾಕ್ಷಿಗಿಂತ ಸುಳ್ಳುಹೊತ್ತಿನ ಸಾಕ್ಷಿಯು ಎಷ್ಟು ಭಯಂಕರವೆಂಬುದು ಆಗ ನಮಗೆ ಹೊಳೆಯಿತು.

ಬಳಿಕ ಅವನು ಬೇರೆ ದಾರಿಯನ್ನು ಹಿಡಿದನು. ಫೋಲ್ಡರು ಎಂಬುದು ತನ್ನೊಳಗಿನ ಕಡತಗಳ ಹೆಸರುಗಳನ್ನು ಬರೆದಿಟ್ಟ ಪಟ್ಟಿಯಂತೆ. ಒಂದು ಕಡತವನ್ನು ಅಳಿಸಿದರೂ ಆ ಪಟ್ಟಿ ಬದಲಾಗುವುದು. ಕೊನೆಯ ಬಾರಿ ಬದಲಾದ ಹೊತ್ತನ್ನು ಯಂತ್ರವು ತಾನಾಗಿಯೇ ಗುರುತಿಟ್ಟಿರುವುದು. ನಮ್ಮ ಬರಿದಾದ ಫೋಲ್ಡರಿನ ಮೇಲೆ ಶುಕ್ರವಾರ ಸಾಯಂಕಾಲ 4 ಗಂಟೆ 42 ನಿಮಿಷ ಎಂದಿತ್ತು. ಶುಕ್ರವಾರ ಹುಡುಗನಿಗೆ ಪರೀಕ್ಷೆ. ಭಂಡಾರದ ಬೀಗದ ಕೈ ಇದ್ದುದು ನಮ್ಮ ಸೊಂಟದಲ್ಲಿ!

ಆಜ್ಞೆಯನ್ನು ಮತ್ತೆ ಓದಿಕೊಂಡೆವು. ‘ಕರಡು’ ಎಂದು ಆರಂಭವಾಗುವ ಕಡತಗಳನ್ನಷ್ಟೇ ಅಳಿಸಬೇಕಾದರೆ ಆ ಹೆಸರಿಗೆ ಅಂಟಿಸಿಯೇ ನಕ್ಷತ್ರಚಿಹ್ನೆಯನ್ನು ಬರೆಯಬೇಕು. ನಾವು ನಡುವೆ ಒಂದು ಅಕ್ಷರದಷ್ಟು ಜಾಗವನ್ನು ಬಿಟ್ಟಿದ್ದೆವು. ಬಿಡಿಯಾಗಿ ನಿಂತ ನಕ್ಷತ್ರಕ್ಕೆ ‘ಇಲ್ಲಿರುವುದೆಲ್ಲವೂ’ ಎಂದು ಅರ್ಥ. ಜೀವಮಾನವೆಲ್ಲ ಮಕ್ಕಳಿಗೆ ಪದಚ್ಛೇದವನ್ನು ಕಲಿಸಿದ ನಾವು ಪದಚ್ಛೇದದಲ್ಲಿಯೇ ಎಡವಿದ್ದೆವು.

ಹೊತ್ತಿಲ್ಲದ ದಾಖಲೆಯ ಕಷ್ಟವನ್ನು ಶಾಸನಗಳನ್ನು ಓದುವವರು ಚೆನ್ನಾಗಿ ಬಲ್ಲರು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಶಕವರ್ಷ 465 ಎಂದು ಕೆತ್ತಿಸಿದ್ದರಿಂದ, ಆ ಕೋಟೆಯ ಕಾಲವು ಕ್ರಿ.ಶ. 543 ಎಂದು ಇಂದಿಗೂ ನಿಸ್ಸಂದೇಹವಾಗಿ ಹೇಳಬಹುದು. ಹಲ್ಮಿಡಿಯ ಶಾಸನದಲ್ಲಿ ಕಾಲವನ್ನು ಹೇಳಿಲ್ಲ. ಸುಮಾರು 450 ಎಂದು ಹೇಳುವ ವಾಡಿಕೆಯಿದ್ದರೂ, ಲಿಪಿಯನ್ನೂ ಅರಸರ ಹೆಸರುಗಳನ್ನೂ ಹಿಡಿದು ವಿದ್ವಾಂಸರು ಚರ್ಚಿಸಬೇಕಾಗಿದೆ.

ಬ್ಯಾಶ್ ಹೊತ್ತನ್ನು ಬರೆಯುವ ಕ್ರಮವೂ ನಮಗೆ ಅಪರಿಚಿತವಲ್ಲ. ಕಲಿಯುಗಾದಿಯಿಂದ ಕಳೆದ ದಿನಗಳನ್ನೆಣಿಸಿ ನಮ್ಮ ಜ್ಯೋತಿಷಿಗಳು ಅಹರ್ಗಣವನ್ನು ಸಾಧಿಸುವಂತೆ, ಈ ಯಂತ್ರವು 1970ನೆಯ ಇಸವಿ ಜನವರಿ 1ರ ಮೊದಲ ಕ್ಷಣದಿಂದ ಸೆಕೆಂಡುಗಳನ್ನು ಎಣಿಸುವುದು. ಆ ಎಣಿಕೆಯು ನೂರು ಕೋಟಿಯನ್ನು ಮುಟ್ಟಿದಾಗ ನಮ್ಮ ದೇಶದಲ್ಲಿ 2001ನೆಯ ಇಸವಿ ಸೆಪ್ಟೆಂಬರ್ 9ರ ಬೆಳಗ್ಗೆ 7 ಗಂಟೆ 16 ನಿಮಿಷ ದಾಟಿತ್ತು.

ಮನೆಯಲ್ಲಾಗಲಿ ಸಂಘದಲ್ಲಾಗಲಿ ಇಂಥ ಯಂತ್ರವುಳ್ಳವರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಮೊದಲ ದಿನವೇ ಹೊತ್ತು ಬರೆಯುವ ಸಾಲನ್ನು ಸೇರಿಸಿರಿ. ಕಳೆದುಹೋದ ಹೊತ್ತನ್ನು ಆಮೇಲೆ ಯಾರೂ ತುಂಬಿಕೊಡಲಾರರು. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರವೇಶದ ಹೆಸರಿರಲಿ. ಹೊತ್ತು ತಿಳಿದರೂ ಕರ್ತೃ ತಿಳಿಯದಿದ್ದರೆ ವಾಕ್ಯವು ಪೂರ್ಣವಾಗದು. ಮುಖ್ಯ ಕಡತಗಳ ನಕಲು ಬೇರೆಡೆಯಲ್ಲಿರಲಿ. ಈ ಹಿಸ್ಟರಿಯ ಕಡತವನ್ನು ಅದರ ಒಡೆಯನು ತಿದ್ದಲೂಬಹುದು ಎಂಬುದನ್ನೂ ಮರೆಯಬೇಡಿರಿ. ಆದ್ದರಿಂದಲೇ ದೊಡ್ಡ ಸಂಸ್ಥೆಗಳು ಬಳಸುವವರ ಕೈಗೆ ಸಿಕ್ಕದಂತೆ ಬೇರೆ ದಾಖಲೆಯನ್ನು ಇಡುವುವು. ಯಂತ್ರಗಳ ಇಂಥ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದು ನಮ್ಮ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಆದೇಶವನ್ನು ಹೊರಡಿಸಿತು.

ಅಂದು ಸಂಜೆಯೇ ಹುಡುಗನ ಮನೆಗೆ ಹೋದೆವು. ಅವನ ತಾಯಿ ಏನೂ ಅರಿಯದೆ ಕಾಫಿ ತಂದಿಟ್ಟರು. ಅವರ ಎದುರಿನಲ್ಲಿಯೇ, “ತಪ್ಪು ನಮ್ಮದಪ್ಪಾ” ಎಂದು ಹೇಳಿದೆವು. “ಹೋಗಲಿ ಬಿಡಿ, ಮೇಷ್ಟ್ರೇ” ಎಂದು ಅವನು ತಲೆ ತಗ್ಗಿಸಿದನು. ಮರುದಿನ ಎಂದಿನಂತೆ ಬಂದನು; ಹಳೆಯ ನಕಲಿನಲ್ಲಿ ಉಳಿದಿದ್ದ ಎರಡು ತಿಂಗಳ ಪಟ್ಟಿ ಕೈಗೆ ಸಿಕ್ಕಿತು, ಮಿಕ್ಕುದನ್ನು ಇಬ್ಬರೂ ಕೂಡಿ ಬರೆದೆವು. ಈಗ ನಮ್ಮ ಯಂತ್ರದಲ್ಲಿ ಪ್ರತಿ ಆಜ್ಞೆಯೂ ಸಂಕಲ್ಪದಂತೆ ಕಾಲಸಹಿತವಾಗಿ ನಿಲ್ಲುತ್ತದೆ. ಕಳೆದುಹೋದ ಕಡತಕ್ಕೆ ನಕಲುಂಟು. ಆ ಸೋಮವಾರ ನಾವು ಆಡಿದ ಮಾತನ್ನು ಅಳಿಸುವ ಆಜ್ಞೆಯು ಮಾತ್ರ ಯಾವ ಯಂತ್ರದಲ್ಲಿಯೂ ಇಲ್ಲ.