ರಾಗದ ಒಡೆತನ, ತಂಡದ ಆಯುಷ್ಯ

ರ್‍ಯಾಪ್ ಎಂದರೆ ತಾಳಕ್ಕೆ ಬಿಗಿದು ಪ್ರಾಸಬದ್ಧವಾಗಿ ಆಡುವ ಮಾತು. ಅದಕ್ಕೆ ಹಾಡುವ ಪಲ್ಲವಿಯನ್ನು ಜೋಡಿಸಿದಾಗ ಅದು ರಾಗಪ್ರಧಾನ ರ್‍ಯಾಪ್ ಆಗುತ್ತದೆ. ಇಂಥ ತಂಡಗಳು ಬೇಗ ಹೆಸರು ಮಾಡಿ ಬೇಗ ಚದುರುವುದಕ್ಕೆ ಸದಸ್ಯರ ಅಹಂಕಾರವೇ ಕಾರಣವೆನ್ನುವುದು ರೂಢಿ. ಆದರೆ ಹಾಡು ಯಾರ ಸ್ವತ್ತು, ಅದನ್ನು ಹಾಡಿಸುವವರು ಯಾರು ಎಂಬುದನ್ನು ಬಿಟ್ಟು ತಂಡದ ಆಯುಷ್ಯವನ್ನು ಅಳೆಯಲಾಗದು.

ತಮಿಳು ರ್‍ಯಾಪ್‌ನ ಕಥೆಯನ್ನೇ ನೋಡಿ. ಬ್ರಿಟಿಷರ ಕಾಲದಲ್ಲಿ ಕಂಗಾಣಿಗಳು, ಅಂದರೆ ಕೂಲಿಯಾಳುಗಳನ್ನು ಕೂಡಿಸಿ ಕರೆದೊಯ್ಯುತ್ತಿದ್ದ ಮೇಸ್ತ್ರಿಗಳು, ಮಲಯದ ರಬ್ಬರ್ ತೋಟಗಳಿಗೆ ಜನರನ್ನು ಒಯ್ದ ಜಿಲ್ಲೆಗಳಲ್ಲಿ ಇಂದಿನ ತಮಿಳುನಾಡಿನ ಸೇಲಂ ಒಂದು. 1965ರಲ್ಲಿ ಬೇರೆಯಾದ ಧರ್ಮಪುರಿ ಆಗ ಅದರೊಳಗೇ ಇತ್ತು. ಹೀಗೆ ವಲಸೆ ಹೋದವರಿಂದ ಬೆಳೆದ ಮಲೇಷಿಯಾದ ತಮಿಳು ಸಮಾಜದಲ್ಲಿ ಹುಟ್ಟಿದ ರ್‍ಯಾಪ್ ಗಾಯಕ ಯೋಗಿ ಬಿ, 1990ರ ದಶಕದ ‘ಪೊಯೆಟಿಕ್ ಅಮ್ಮೊ’ ತಂಡ ಚದುರಿದ ಬಳಿಕ ಎಮ್ಸೀ ಜೆಸ್ ಮತ್ತು ಡಾಕ್ಟರ್ ಬರ್ನ್ ಅವರೊಡನೆ ‘ನಚ್ಚತ್ರ’ವನ್ನು ಕಟ್ಟಿ, 2006ರಲ್ಲಿ ‘ವಲ್ಲವನ್’ ಆಲ್ಬಂ ಹೊರತಂದರು. ಅದರ ‘ಮಡೈ ತಿರಂದು’ ತಮಿಳುನಾಡಿನಲ್ಲಿ ಮನೆಮಾತಾಯಿತು. ಆದರೆ ಆ ರಾಗ 1980ರ ‘ನಿಳಲ್ಗಳ್’ ಚಿತ್ರಕ್ಕೆ ಇಳಯರಾಜ ಸಂಯೋಜಿಸಿದ್ದು. ಜನರನ್ನು ಸೆಳೆದ ರಾಗವೇ ಸಿನಿಮಾದ್ದಾದುದರಿಂದ ಮುಂದಿನ ಅವಕಾಶಗಳೂ ಸಿನಿಮಾದಿಂದಲೇ ಬಂದವು; ಸಿನಿಮಾಕ್ಕೆ ಬೇಕಾದದ್ದು ಕಂಠವೇ ಹೊರತು ಕೂಟವಲ್ಲ. 2017ರ ‘ವಿವೇಗಂ’ ಚಿತ್ರದ ಹೊತ್ತಿಗೆ ತಂಡದಿಂದ ಕೇಳಿಬಂದದ್ದು ಯೋಗಿ ಬಿ ಒಬ್ಬರ ದನಿ.

ಆ ವಲಸಿಗರು ಬಿಟ್ಟುಹೋದ ಸೇಲಂ, ಧರ್ಮಪುರಿಯ ಹಳ್ಳಿಗಳಲ್ಲಿ ಇದಕ್ಕೆ ವಿರುದ್ಧವಾದ ವ್ಯವಸ್ಥೆಯೊಂದಿದೆ. ಅಲ್ಲಿನ ತೆರುಕ್ಕೂತ್ತು ನಮ್ಮ ಮೂಡಲಪಾಯದ ಹತ್ತಿರದ ನಂಟ. ಹಾಡು, ಮಾತು, ಕುಣಿತಗಳಿಂದ ರಾತ್ರಿಯಿಡೀ ನಡೆಯುವ ಬಯಲಾಟ. ಜಮಾ ಎಂದು ಕರೆಯುವ ಅದರ ತಂಡಕ್ಕೆ ವಾತ್ತಿಯಾರ್ ಗುರುವಾಗಿದ್ದು, ಆಟಗಾರನೊಬ್ಬ ಬಿಟ್ಟುಹೋದರೆ ಇನ್ನೊಬ್ಬನನ್ನು ತಿದ್ದಿ ನಿಲ್ಲಿಸುತ್ತಾನೆ. ಕಟ್ಟಿಯಕ್ಕಾರನ್ ಎಂಬ ನಿರೂಪಕ ಅಂದಂದಿನ ಸಂಗತಿಯನ್ನೂ ತಾಳಕ್ಕೆ ಹೊಂದಿಸಿ ಆಡುತ್ತಾನೆ. ಈ ಅರ್ಥದಲ್ಲಿ ರ್‍ಯಾಪ್ ಈ ನೆಲಕ್ಕೆ ತೀರ ಹೊರಗಿನದಲ್ಲ. ಆಟವಾಡಿಸುವುದು ಸಾಮಾನ್ಯವಾಗಿ ದ್ರೌಪದಿಯಮ್ಮನಂಥ ದೇವತೆಯರ ಗುಡಿಯ ಉತ್ಸವ. ಕಥೆ, ರಾಗ, ಸಂಭಾವನೆ ಮೂರೂ ಊರಿಗೆ ಸೇರಿದವಾದ್ದರಿಂದ, ಯಾವ ಒಂದು ಕಂಠವನ್ನೂ ಹೊರಗಿನವರು ಕಿತ್ತುಕೊಂಡು ಜಮಾವನ್ನು ಬರಿದುಮಾಡಲಾಗದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳೂ ಬೆಂಗಳೂರಿನ ಕಟ್ಟಡ ಕೆಲಸವೂ ಹುಡುಗರನ್ನು ಸೆಳೆಯುತ್ತಿರುವುದು ನಿಜವಾದ ಗಂಡಾಂತರ, ಆದರೆ ಅದು ಬೇರೆ ಬಗೆಯದು.

ಜಮಾದ ಕಲಾವಿದನಿಗೆ ತನ್ನ ಹೆಸರಿನಲ್ಲಿ ತನ್ನ ಬದುಕನ್ನೇ ಹಾಡುವ ಸ್ವಾತಂತ್ರ್ಯ ಕಡಿಮೆ ಎಂಬ ಆಕ್ಷೇಪ ಸರಿಯಾದದ್ದೇ. ರ್‍ಯಾಪ್‌ನ ಹಿರಿಮೆಯೂ ಆ ಸ್ವಾತಂತ್ರ್ಯದಲ್ಲಿಯೇ ಇದೆ, ಅದನ್ನು ಕಳೆದುಕೊಳ್ಳುವುದು ಯಾರಿಗೂ ಬೇಡ. ಆದರೆ ಮಾತು ತನ್ನದಾದರೆ ಸಾಲದು, ರಾಗವೂ ತನ್ನದಾಗಬೇಕು. ಆದಿ ಮತ್ತು ಜೀವಾ ಅವರ ‘ಹಿಪ್‌ಹಾಪ್ ತಮಿಳಾ’ ಎಂಬ ರ್‍ಯಾಪ್ ಜೋಡಿ ಇದೇ ಸಿನಿಮಾಕ್ಕೆ ಹೋದರೂ 2015ರ ‘ಆಂಬಳ’ ಚಿತ್ರದಲ್ಲಿ ಸಂಗೀತ ನಿರ್ದೇಶಕರಾಗಿಯೇ ಒಳಹೊಕ್ಕಿತು, ರಾಗ ಕಟ್ಟುವ ಅಧಿಕಾರ ಅವರ ಕೈಯಲ್ಲಿದ್ದುದರಿಂದ ಜೋಡಿಯ ಹೆಸರು ಪರದೆಯ ಮೇಲೆ ಉಳಿಯಿತು.