ಲಂಗರು ಲಗೇಜ್ ಅಲ್ಲ ಮಾರಾಯ್ರೆ!

(1/6)
ಹೋದ ವಾರದ ಹಾಯಿದೋಣಿ ಫೋಟೋಗೆ ನೀವೆಲ್ಲ ಹಾರ್ಟ್ ಒತ್ತಿದ್ರಿ. ಥ್ಯಾಂಕ್ಸ್. ಈಗ ಅದನ್ನೇ ಜೂಮ್ ಮಾಡಿ ನೋಡಿ. ಬಿಳಿ ಹಾಯಿ ಇದೆ, ಕಾಳಿ ನದಿ ಇದೆ, ನಾವು ನಾಲ್ಕು ಜನ ಹಲ್ಲು ಕಿರಿದು ಕೂತಿದ್ದೇವೆ. ಲಂಗರು ಎಲ್ಲಿದೆ? ಕಾಣೋದಿಲ್ಲ. ನಮ್ಮ ಬ್ಯಾಗು, ಟಿಫಿನ್ ಡಬ್ಬಿ, ಒದ್ದೆ ಚಪ್ಪಲಿಗಳ ಅಡಿಯಲ್ಲಿತ್ತು. ಫೋಟೋ ತೆಗೆದ ಅರ್ಧ ಗಂಟೆಗೆ ಗಾಳಿ ನಿಂತೇಹೋಯ್ತು.

(2/6)
ಅದು ಇಳಿತದ ಹೊತ್ತು. ಕಾರವಾರದಲ್ಲಿ ಕಾಳಿ ಸಮುದ್ರ ಸೇರುವ ಕಡೆ ಆಗ ನೀರು ಹೊರಗೆ ಎಳೀತದೆ. ಹಾಯಿ ಜೋತುಬಿತ್ತು. ದೋಣಿ ಅಡ್ಡ ತಿರುಗಿ ಸೇತುವೆಯ ಕಂಬದ ಕಡೆ ಹೊರಟಿತು. “ಲಂಗರು ಹಾಕು!” ಅಂತ ಕೂಗಿದ್ರು. ಬ್ಯಾಗ್ ಎತ್ತಿದೆ, ಡಬ್ಬಿ ಎತ್ತಿದೆ. ಲಂಗರು ಸಿಕ್ತು, ಹಗ್ಗ ಮಾತ್ರ ಜೇಬಲ್ಲಿಟ್ಟ ಇಯರ್‌ಫೋನ್ ತರ ಗಂಟು ಗಂಟು. ಗೆಳೆಯ ಇದ್ದ ಒಂದೇ ಹುಟ್ಟು ಹಿಡಿದು ಒದ್ದಾಡ್ತಿದ್ದ. ಲಂಗರು ಕಚ್ಚಿದಾಗ ಕಂಬಕ್ಕೂ ನಮಗೂ ಎರಡು ದೋಣಿಯಷ್ಟು ಅಂತರ.

ಆಮೇಲೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೊರಡುವಾಗ ಅದರ ಮೇಲೆ ಬ್ಯಾಗ್ ಇಟ್ಟಿದ್ದು ನಾನೇ.

(3/6)
ಬಿಕಾಂ ಬಂಧುಗಳೇ, ನಮ್ಮ ಭಾಷೆಯಲ್ಲೇ ಹೇಳ್ತೇನೆ. ಲಿಕ್ವಿಡಿಟಿ ಅಂತ ಓದಿದ್ದೇವಲ್ಲ? ಬೇಕಾದ ದಿನ ಕೈಗೆ ಸಿಗದ ಆಸ್ತಿಯಿಂದ ಸಾಲ ತೀರೋದಿಲ್ಲ. ಲಂಗರೂ ಹಾಗೇ. ದೋಣಿಯಲ್ಲಿ ಲಂಗರು “ಇದೆ” ಅನ್ನೋದು ಪಟ್ಟಿಯಲ್ಲಿ ಟಿಕ್ ಹಾಕಲಿಕ್ಕೆ ಸಾಕು, ದೋಣಿ ನಿಲ್ಲಿಸಲಿಕ್ಕೆ ಸಾಲದು.

ಲೆಕ್ಕ ಬೇಕಾ? 1 ನಾಟ್ ಅಂದ್ರೆ ಗಂಟೆಗೆ 1.852 ಕಿಮೀ. 2 ನಾಟ್ ಸೆಳೆತ ಇದ್ರೆ, ನೀವು 4 ನಿಮಿಷ ಗಂಟು ಬಿಡಿಸುವಷ್ಟರಲ್ಲಿ ದೋಣಿ ಸುಮಾರು 250 ಮೀಟರ್ ಹೋಗಿರ್ತದೆ.

(4/6)
“ಮುಂದೆ ಭಾರ ಇಟ್ರೆ ಸಣ್ಣ ದೋಣಿಯ ಮೂತಿ ತಗ್ಗುತ್ತೆ” ಅಂತಾರೆ. ಸರಿ, ಒಪ್ಪಿದೆ. ಹಾಗಾದ್ರೆ ಹಾಯಿಕಂಬದ ಬುಡದಲ್ಲಿ, ತಗ್ಗಿನಲ್ಲಿ ಇಡಿ. ಆದರೆ ಅದರ ಮೇಲೆ ಏನೂ ಇಡಬೇಡಿ. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ಕಟ್ಟಿ. ಕಟ್ಟದೇ ಬಿಟ್ರೆ ದೋಣಿ ಮಗುಚಿದಾಗ ಅದು ಯಾರ ತಲೆಗೆ ಬೀಳ್ತದೋ ಗೊತ್ತಿಲ್ಲ.

ಹಗ್ಗಕ್ಕೆ ಒಂದು ಬಕೆಟ್ ಸಾಕು. ತಳಕ್ಕೆ ತೂತು ಹೊಡೆಯಿರಿ, ನೀರು ಸೋರಿ ಹೋಗಲಿ. ಹಗ್ಗದ ಕೊನೆಯನ್ನು ಒಂದು ತೂತಿನಿಂದ ಹೊರಗೆ ತಂದು ದೋಣಿಯ ಮೂತಿಯ ಗಟ್ಟಿ ಜಾಗಕ್ಕೆ ಕಟ್ಟಿ. ಉಳಿದದ್ದನ್ನು ಸುರುಳಿ ಸುತ್ತದೆ ಹಾಗೇ ಒಳಗೆ ಇಳಿಬಿಡಿ. ಮೇಲಿಂದ ಎಳೆದ್ರೆ ಸಲೀಸಾಗಿ ಬರ್ತದೆ. ಪ್ರತಿ 5 ಮೀಟರಿಗೆ ಬಣ್ಣದ ದಾರ ಕಟ್ಟಿದ್ರೆ ಎಷ್ಟು ಬಿಟ್ಟಿದ್ದೇವೆ ಅಂತ ಗೊತ್ತಾಗ್ತದೆ.

(5/6)
ಇನ್ನು, ಲಂಗರನ್ನು ಸಿನಿಮಾ ಹೀರೋ ತರ ಬೀಸಿ ಎಸೀಬೇಡಿ. ಎಸೆದ್ರೆ ಹಗ್ಗವೇ ಅದಕ್ಕೆ ಸುತ್ತಿಕೊಳ್ತದೆ. ಹಗ್ಗದ ಸುತ್ತಿನೊಳಗೆ ಕಾಲಿಡದೆ, ಮೂತಿಯಿಂದ ಮೆಲ್ಲಗೆ ಇಳಿಸಿ. ದೋಣಿ ಹಿಂದೆ ಸರಿದ ಹಾಗೆ ಹಗ್ಗ ಬಿಡ್ತಾ ಹೋಗಿ. ದೋಣಿಯ ಹಿಂಭಾಗಕ್ಕೆ ಮಾತ್ರ ಕಟ್ಟಬೇಡಿ, ಅಲೆ ನೇರ ಒಳಗೆ ನುಗ್ತದೆ.

ಎಷ್ಟು ಹಗ್ಗ? ನೀರು 4 ಮೀಟರ್, ಮೂತಿಯ ಎತ್ತರ 0.5, ಉಬ್ಬರ ಇನ್ನೂ 1.5 ಏರೋದಿದೆ ಅಂದುಕೊಳ್ಳಿ. ಒಟ್ಟು 6. ಇದರ 5ರಿಂದ 7 ಪಟ್ಟು ಬಿಡಬೇಕು, ಅಂದ್ರೆ 30ರಿಂದ 42 ಮೀಟರ್. ಲಂಗರು ಕಚ್ಚೋದು ಅಡ್ಡಕ್ಕೆ ಎಳೆದಾಗ, ಮೇಲಕ್ಕೆ ಎಳೆದ್ರೆ ಕಿತ್ತು ಬರ್ತದೆ. ಲಂಗರಿನ ಹತ್ತಿರ ಸ್ವಲ್ಪ ಸರಪಳಿ ಸೇರಿಸೋದೂ ಇದೇ ಕಾರಣಕ್ಕೆ. ಆಮೇಲೆ ದಡದಲ್ಲಿ ಒಂದರ ಹಿಂದೆ ಒಂದಿರುವ ಎರಡು ಗುರುತು ನೋಡ್ತಾ ಇರಿ. ಅವು ಒಂದಕ್ಕೊಂದು ದೂರ ಸರಿಯುತ್ತಾ ಹೋದ್ರೆ ಲಂಗರು ಜಾರ್ತಾ ಇದೆ.

(6/6)
“ಸಣ್ಣ ದೋಣಿಗೆ ಇಷ್ಟೆಲ್ಲ ಯಾಕೆ?” ಅನ್ನೋರಿಗೆ ಒಂದು ಮಾತು. ಜಿ. ಐ. ಟೇಲರ್ ದೊಡ್ಡ ಭೌತವಿಜ್ಞಾನಿ. ತಮ್ಮದೇ ಸಣ್ಣ ಹಾಯಿದೋಣಿ ಓಡಿಸ್ತಿದ್ದ ಅವರು 1933ರಲ್ಲಿ ನೇಗಿಲಿನ ಆಕಾರದ ಹೊಸ ಲಂಗರನ್ನೇ ಮಾಡಿದರು. ಹೆಸರು ಸಿಕ್ಯೂಆರ್. ಬೇಗ ಬೇಗ ಹೇಳಿ ನೋಡಿ, “ಸೆಕ್ಯೂರ್” ಅಂತ ಕೇಳಿಸ್ತದೆ. ಅಂಥವರೇ ಸಣ್ಣ ದೋಣಿಯ ಲಂಗರಿಗೆ ಅಷ್ಟು ತಲೆ ಕೆಡಿಸಿಕೊಂಡಿದ್ರು. ನಮಗೆ ಒಂದು ಬಕೆಟ್ ಭಾರ ಆಯ್ತಾ?

ದಡ ಬಿಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಬ್ಬರೇ, 30 ಸೆಕೆಂಡಿನಲ್ಲಿ, ಯಾರನ್ನೂ ಏಳಿಸದೆ ಲಂಗರು ನೀರಿಗೆ ಇಳಿಸಬೇಕು. ಆಗಲಿಲ್ವಾ? ಹಾಗಾದ್ರೆ ಹಾಯಿ ಏರಿಸಬೇಡಿ. ನಾಳೆ ಬ್ಯಾಗ್ ಇಡಲಿಕ್ಕೆ ಜಾಗ ಇಲ್ಲ ಅಂತ ಯಾರಾದರೂ ಗೊಣಗಿದ್ರೆ, ಬ್ಯಾಗ್ ದಡದಲ್ಲೇ ಇರಲಿ ಅನ್ನಿ. ನಾನಂತೂ ಅನ್ನುವವಳೇ.

#ಲಂಗರು #ಹಾಯಿದೋಣಿ #ಕಾರವಾರ #ಕಾಳಿನದಿ