ಲೋಹದ ಗುಣ ಯಾರ ಸೊತ್ತು?

ವಿದ್ಯುದ್ದೀಪದ ಗಾಜಿನ ಬುರುಡೆಯೊಳಗೆ ಕೂದಲಿಗಿಂತ ಸಣ್ಣದಾದ ತಂತಿಯೊಂದು ಸುಮಾರು ನೂರು ವರ್ಷಗಳ ಕಾಲ ಲೋಕದ ಮನೆಮನೆಗಳನ್ನು ಬೆಳಗಿತು. ಆ ತಂತಿಯ ಲೋಹವೇ ಟಂಗ್‌ಸ್ಟನ್. ಅದರ ಹಕ್ಕಿಗಾಗಿ ಅಮೆರಿಕದ ನ್ಯಾಯಾಲಯಗಳಲ್ಲಿ ನಡೆದ ವ್ಯಾಜ್ಯದ ತಿರುಳು ಇಷ್ಟೆ: ಲೋಹವೊಂದರಲ್ಲಿ ಹಿಂದೆ ಕಾಣದ ಗುಣವೊಂದು ಕಂಡುಬಂದರೆ, ಅದು ಮನುಷ್ಯನ ಸೃಷ್ಟಿಯೇ, ಇಲ್ಲವೆ ಪ್ರಕೃತಿಯ ದಾನವೇ?

ಟಂಗ್‌ಸ್ಟನ್ ಕರಗಬೇಕಾದರೆ 3400 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಶಾಖ ಬೇಕು. ಅದನ್ನು ಕರಗಿಸಿ ಎರಕ ಹೊಯ್ಯೋಣವೆಂದರೆ, ಆ ಉರಿಯನ್ನು ತಾಳುವ ಮೂಸೆಯೇ ದೊರೆಯದು. ಆದುದರಿಂದ ಅದರ ಆಕ್ಸೈಡಿನ ಮೇಲೆ ಜಲಜನಕವನ್ನು ಹಾಯಿಸಿ, ಲೋಹವನ್ನು ಪುಡಿಯ ರೂಪದಲ್ಲಿ ಪಡೆಯಬೇಕು. ಬಳಿಕ ಆ ಪುಡಿಯನ್ನು ಕರಗಿಸದೆ, ಕಾವಿನಿಂದಲೇ ಕಣಕಣಗಳನ್ನು ಒಂದಕ್ಕೊಂದು ಬೆಸೆಯಬೇಕು. ಈ ಕ್ರಮಕ್ಕೆ ಸಿಂಟರಿಂಗ್ ಎಂದು ಹೆಸರು.

1904ರಲ್ಲಿ ಯೂರೋಪಿನ ಜಸ್ಟ್ ಮತ್ತು ಹನಮಾನ್ ಎಂಬ ಇಬ್ಬರು ಹಂಗೆರಿಯಲ್ಲಿ ಟಂಗ್‌ಸ್ಟನ್ ತಂತುವಿಗೆ ಪೇಟೆಂಟು ಪಡೆದರು. ಅಂದಿನ ರೂಢಿಯ ವಿಧಾನದಲ್ಲಿ ಪುಡಿಯನ್ನು ಅಂಟಿನೊಡನೆ ಕಲಸಿ, ಶ್ಯಾವಿಗೆ ಒತ್ತುವಂತೆ ಸಣ್ಣ ರಂಧ್ರದ ಮೂಲಕ ಒತ್ತಿ, ಎಳೆಯನ್ನು ಕಾಯಿಸುತ್ತಿದ್ದರು. ಅಂಟು ಉರಿದುಹೋಗಿ ಲೋಹದ ಕಣಗಳು ಬೆಸೆದುಕೊಳ್ಳುತ್ತಿದ್ದವು. ಹಳೆಯ ಇಂಗಾಲದ ದೀಪ ಬಳಸುತ್ತಿದ್ದ ವಿದ್ಯುತ್ತಿನ ಅರ್ಧಕ್ಕಿಂತಲೂ ಕಡಿಮೆಯಲ್ಲಿ ಈ ದೀಪ ಅಷ್ಟೇ ಬೆಳಕನ್ನು ಕೊಡುತ್ತಿತ್ತು. ಆದರೇನು? ಎಳೆ ಬಲು ಪೆಡಸು. ಸ್ವಲ್ಪ ಅಲುಗಿದರೂ ಸಾಕು, ಮುರಿಯುತ್ತಿತ್ತು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಸ್ಕೆನೆಕ್ಟಡಿ ಪ್ರಯೋಗಾಲಯವನ್ನು 1905ರಲ್ಲಿ ಸೇರಿದ ವಿಲಿಯಂ ಕೂಲಿಜ್ ಈ ಕೊರತೆಯನ್ನು ನೀಗಲು ಕೆಲವು ವರ್ಷ ಶ್ರಮಿಸಿದರು. ಅವರು ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಡ್ಡಿ ಮಾಡಿದರು; ಜಲಜನಕದ ನಡುವೆ ಅದರೊಳಗೇ ವಿದ್ಯುತ್ತನ್ನು ಹರಿಸಿ, ಕರಗುವ ಮಟ್ಟದ ಸಮೀಪಕ್ಕೆ ಕಾಯಿಸಿದರು. ಇಷ್ಟಾದರೂ ಆರಿದ ಕಡ್ಡಿ ಪೆಡಸಾಗಿಯೇ ಉಳಿಯಿತು. ಮುಂದಿನ ಹೆಜ್ಜೆಯಲ್ಲಿದೆ ಇದರ ಗುಟ್ಟು. ಬಿಳಿಗಾವೇರಿದ ಕಡ್ಡಿಯನ್ನು ಸುತ್ತಲಿಂದಲೂ ಬಡಿಯುವ ಯಂತ್ರಕ್ಕೆ ಕೊಟ್ಟು, ತೆಳುವಾದಂತೆಲ್ಲ ಕಾವನ್ನು ತಗ್ಗಿಸುತ್ತ ಬಂದರು. ಕೊನೆಗೆ ಅಕ್ಕಸಾಲಿಗನು ಕಂಬಚ್ಚಿನಲ್ಲಿ ತಂತಿ ಎಳೆಯುವಂತೆ, ವಜ್ರದ ಅಚ್ಚಿನ ರಂಧ್ರಗಳಲ್ಲಿ ಹಾಯಿಸಿ ಎಳೆದರು. ಹೊರಬಂದ ತಂತಿ ತಣ್ಣಗಿದ್ದಾಗಲೂ ಬಳುಕಿತು! ಬೇರೆ ಲೋಹಗಳನ್ನು ತಣ್ಣಗೆ ಬಡಿದರೆ ಗಡುಸಾಗುತ್ತವೆ, ಕಾಯಿಸಿದರೆ ಮೆದುವಾಗುತ್ತವೆ. ಟಂಗ್‌ಸ್ಟನ್ನಿನ ದಾರಿ ಇದಕ್ಕೆ ವಿರುದ್ಧ.

1913ರ ಡಿಸೆಂಬರ್ 30ರಂದು ದೊರೆತ ಪೇಟೆಂಟಿನಲ್ಲಿ ತಯಾರಿಕೆಯ ವಿಧಾನಕ್ಕೂ, ಬಳುಕುವ ಟಂಗ್‌ಸ್ಟನ್ನಿಗೂ ಹಕ್ಕು ಕೇಳಲಾಗಿತ್ತು. ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿದ್ದ ಡಿ ಫಾರೆಸ್ಟ್ ರೇಡಿಯೋ ಕಂಪೆನಿಯ ಮೇಲೆ ಜನರಲ್ ಎಲೆಕ್ಟ್ರಿಕ್ ದಾವೆ ಹೂಡಿತು. ಡೆಲವೇರಿನ ಜಿಲ್ಲಾ ನ್ಯಾಯಾಲಯದಲ್ಲಿ ಕಂಪೆನಿಗೆ ಸೋಲಾಯಿತು. 1928ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ, ಲೋಹದ ಮೇಲಿನ ಹಕ್ಕು ನಿಲ್ಲದೆಂದು ತೀರ್ಪಿತ್ತಿತು. ಶುದ್ಧ ಟಂಗ್‌ಸ್ಟನ್ ಪ್ರಕೃತಿಯದು. ಬಳುಕುವುದು ಅದರ ಸಹಜಗುಣ. ಅಡಗಿದ್ದುದನ್ನು ಕೂಲಿಜ್ ಕಂಡರೇ ಹೊರತು ಸೃಷ್ಟಿಸಲಿಲ್ಲ ಎಂಬುದು ನ್ಯಾಯಾಧೀಶರ ನಿಲುವು.

ಎರಡು ವಿಧಾನಗಳನ್ನು ಎದುರುಬದುರಾಗಿ ಇಟ್ಟು ನೋಡಿದವರಿಗೆ ಈ ಮಾತು ಪೂರ್ತಿ ಒಪ್ಪಿಗೆಯಾಗದು. ಬಳುಕು ಶುದ್ಧತೆಯ ಫಲವೇ ಆಗಿದ್ದರೆ, ಬೆಸೆದ ಕಡ್ಡಿಯೂ ಬಳುಕಬೇಕಾಗಿತ್ತು, ಅದು ಬಳುಕಲಿಲ್ಲ. ಬಡಿತ ಮತ್ತು ಎಳೆತಗಳಿಂದ ಲೋಹದ ಹರಳುಗಳು ನಾರಿನಂತೆ ನೀಳವಾಗುತ್ತವೆ. ಗುಣ ಬಂದದ್ದು ಅಲ್ಲಿಂದ. ಮುಂದೆ ದೀಪ ಉರಿಯುತ್ತ ಅತಿಯಾಗಿ ಕಾದಾಗ ಹರಳುಗಳು ಮರಳಿ ಬೆಳೆದು, ಅದೇ ತಂತಿ ಮತ್ತೆ ಪೆಡಸಾಗುತ್ತದೆ. ಬಹುಕಾಲ ಉರಿದ ಬಲ್ಬನ್ನು ಅಲುಗಿಸಿ ಕೆಡಿಸಿಕೊಂಡ ಗೃಹಿಣಿಯರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ನ್ಯಾಯಾಲಯದ ಅಳುಕಿಗೂ ಕಾರಣವಿಲ್ಲದಿಲ್ಲ. ವಿಧಾನದ ಮೇಲೆ ಹಕ್ಕು ಕೊಟ್ಟರೆ, ಮತ್ತೊಬ್ಬನು ಬೇರೆ ದಾರಿಯನ್ನು ಹುಡುಕಬಹುದು. ಲೋಹದ ಮೇಲೆಯೇ ಹಕ್ಕು ಕೊಟ್ಟರೆ, ಆ ಬೇರೆ ದಾರಿಯೂ ಮುಚ್ಚಿಹೋಗುತ್ತದೆ; ದೀಪ ಕೊಳ್ಳುವ ಸಾಮಾನ್ಯನು ಒಬ್ಬನೇ ಒಡೆಯನು ಹೇಳಿದ ಬೆಲೆಯನ್ನು ತೆರಬೇಕಾಗುತ್ತದೆ. ಭಾರತದ 1970ರ ಪೇಟೆಂಟ್ ಕಾಯಿದೆಯೂ, ತಿಳಿದ ವಸ್ತುವಿನಲ್ಲಿ ಹೊಸ ಗುಣವೊಂದನ್ನು ಕಂಡ ಮಾತ್ರಕ್ಕೆ ಪೇಟೆಂಟು ಕೊಡದು.

ಕೂಲಿಜರಿಗೆ ಈ ತಂತಿಗಾಗಿ 1914ರಲ್ಲಿಯೇ ರಮ್‌ಫರ್ಡ್ ಬಹುಮಾನ ದೊರೆತಿತ್ತು. ಆದರೆ ಪೇಟೆಂಟು ನ್ಯಾಯಾಲಯದಲ್ಲಿ ಬಿದ್ದುಹೋದ ಕಾರಣಕ್ಕೆ, 1926ರ ಸಾಲಿನ ಎಡಿಸನ್ ಪದಕವನ್ನು ಅವರು ಸ್ವೀಕರಿಸಲೊಲ್ಲದೆ ಹೋದರು. ಮರುವರ್ಷದ ಪದಕವನ್ನು ಒಪ್ಪಿಕೊಂಡರು. ಹದಿನೇಳು ವರ್ಷಗಳ ಪೇಟೆಂಟಿನ ಅವಧಿ ಹೇಗೂ 1930ಕ್ಕೆ ಮುಗಿಯಲಿತ್ತು. ತಂತಿ ಮಾತ್ರ ಯಾರ ಸೊತ್ತೂ ಆಗದೆ ಉರಿಯುತ್ತಲೇ ಹೋಯಿತು.